ಭೂವಿಜ್ಞಾನ ವಿಭಾಗಕ್ಕೆ ಬೀಗ ಹಾಕುವ ಮುನ್ನ: ನಮ್ಮ ಕಾಲೇಜಿನ ಆಡಳಿತ ಮಂಡಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕಾಲೇಜು ಆಡಳಿತ ಮಂಡಳಿ,
ಮಂಗಳೂರು

ವಿಷಯ: ಬಿಎಸ್ಸಿ ಪದವಿಯಲ್ಲಿ ಭೂವಿಜ್ಞಾನ ವಿಷಯದ ಪ್ರವೇಶಾತಿ ನಿಲ್ಲಿಸುವ ತೀರ್ಮಾನವನ್ನು ಮರುಪರಿಶೀಲಿಸುವ ಬಗ್ಗೆ

ಮಾನ್ಯರೇ,

ನಾನು ತಮ್ಮ ಕಾಲೇಜಿನಲ್ಲಿ ಬಿಎಸ್ಸಿ ಅಂತಿಮ ವರ್ಷದಲ್ಲಿ ಓದುತ್ತಿರುವ, ಭೂವಿಜ್ಞಾನವನ್ನು ಮುಖ್ಯ ವಿಷಯಗಳಲ್ಲಿ ಒಂದಾಗಿ ಆರಿಸಿಕೊಂಡ 11 ಮಂದಿಯಲ್ಲಿ ಒಬ್ಬಳು. ಮುಂದಿನ ಶೈಕ್ಷಣಿಕ ವರ್ಷದಿಂದ ಈ ವಿಷಯಕ್ಕೆ ಹೊಸ ಪ್ರವೇಶ ಇರುವುದಿಲ್ಲವೆಂಬ ಎರಡು ಸಾಲಿನ ಸೂಚನೆಯನ್ನು ಕಳೆದ ತಿಂಗಳು ಕಚೇರಿಯ ಎದುರಿನ ಫಲಕದಲ್ಲಿ, ಬಸ್ ಪಾಸ್ ನವೀಕರಣದ ಪ್ರಕಟಣೆಯ ಪಕ್ಕದಲ್ಲಿ ಓದಿದೆವು. ಆ ಬಳಿಕ ಪ್ರಾಂಶುಪಾಲರ ಮೂಲಕ ತಮಗೆ ಎರಡು ಮನವಿಗಳನ್ನು ಸಲ್ಲಿಸಿದ್ದೇವೆ. ಎರಡಕ್ಕೂ ಸ್ವೀಕೃತಿಯ ಮುದ್ರೆ ಬಿತ್ತು, ಉತ್ತರ ಬರಲಿಲ್ಲ. ಪ್ರಾಸ್ಪೆಕ್ಟಸ್ ಅಚ್ಚಾಗುವ ದಿನ ಹತ್ತಿರವಾಗುತ್ತಿರುವುದರಿಂದ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಮೂರು ವರ್ಷ ನನಗೆ ಅಕ್ಷರ ಕೊಟ್ಟ ಸಂಸ್ಥೆಯನ್ನು ಬೀದಿಗೆ ಎಳೆಯುವುದು ನನ್ನ ಉದ್ದೇಶವಲ್ಲ. ತಮಗೆ ಇದು ತಮ್ಮದೇ ಕಾಲೇಜೆಂದು ತಿಳಿಯುತ್ತದೆ, ಅಷ್ಟು ಸಾಕು.

ಸೂಚನೆಯಲ್ಲಿ ಕೊಟ್ಟ ಕಾರಣ ‘ಬೇಡಿಕೆಯ ಕೊರತೆ’. ಅಂಕಿಗಳನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ತರಗತಿಯಲ್ಲಿ 11, ಎರಡನೇ ವರ್ಷದಲ್ಲಿ 6, ಮೊದಲ ವರ್ಷದಲ್ಲಿ 4 ಮಂದಿ ಇದ್ದಾರೆ. ಕಂಪ್ಯೂಟರ್ ವಿಜ್ಞಾನದ ಒಂದೊಂದು ವಿಭಾಗದಲ್ಲಿ 60 ಮಂದಿ ಕುಳಿತಿರುವಾಗ ಇಬ್ಬರು ಬೋಧಕರಿಗೂ ಒಂದು ಪ್ರಯೋಗಾಲಯಕ್ಕೂ ಖರ್ಚು ಮಾಡುವುದೇಕೆಂಬ ಪ್ರಶ್ನೆ ಆಡಳಿತ ನಡೆಸುವವರಿಗೆ ಬರುವುದು ಸಹಜ. ಆದರೆ ಈ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೇಗೆ ಇಳಿಯಿತೆಂಬುದನ್ನು ನಾನು ಬೆಂಚಿನ ಮೇಲೆ ಕುಳಿತು ಕಂಡಿದ್ದೇನೆ. ಅದನ್ನು ತಮ್ಮ ಸಭೆಯಲ್ಲಿ ಯಾರೂ ಹೇಳಿರಲಾರರು ಎಂದುಕೊಂಡು ಹೇಳುತ್ತಿದ್ದೇನೆ.

ನಾನು ಬಂಟ್ವಾಳ ತಾಲೂಕಿನವಳು. ನನ್ನ ತಂದೆ ಬೋರ್‌ವೆಲ್ ಲಾರಿಯಲ್ಲಿ ಇಪ್ಪತ್ತು ವರ್ಷದಿಂದ ದುಡಿಯುತ್ತಿದ್ದಾರೆ. ಕೊಳವೆಬಾವಿ ಕೊರೆಯುವಾಗ ಮೇಲಕ್ಕೆ ಹಾರುವ ಪುಡಿಯ ಬಣ್ಣ ನೋಡಿಯೇ ಕೆಳಗಿನ ಕಲ್ಲನ್ನು ಹೇಳುವವರು ಅವರು. ಮೊದಲು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಕೆಂಪು, ಆಮೇಲೆ ಶೇಡಿ ಮಣ್ಣಿನ ಬಿಳಿ, ಹಳದಿ, ಕೆಲವೆಡೆ ನಸುಗೆಂಪು, ಅದು ಮುಗಿದ ಮೇಲೆ ಗಟ್ಟಿ ಕರಿಕಲ್ಲಿನ ಬೂದು. ಶೇಡಿ ಎಷ್ಟು ಆಳದವರೆಗೆ ಇದೆಯೋ ಅಷ್ಟಕ್ಕೂ ಕೇಸಿಂಗ್ ಪೈಪ್ ಇಳಿಸಬೇಕು, ಇಲ್ಲದಿದ್ದರೆ ಬಾವಿ ಒಳಗಿಂದ ಕುಸಿಯುತ್ತದೆ. ಜಾಗದ ಯಜಮಾನರಿಗೂ ಲಾರಿಯವರಿಗೂ ಹೆಚ್ಚಾಗಿ ಜಗಳ ಹುಟ್ಟುವುದು ಈ ಪೈಪಿನ ಅಡಿ ಲೆಕ್ಕದಲ್ಲಿ. ಒಂದೇ ಗುಡ್ಡದ ಈ ಬದಿಯಲ್ಲಿ 40 ಅಡಿಗೆ ಮುಗಿಯುವ ಶೇಡಿ ಆ ಬದಿಯಲ್ಲಿ 90 ಅಡಿ ಇಳಿಯುವುದೇಕೆಂದು ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನನ್ನು ಕೇಳಿದ್ದೆ. ಅವರಿಗೆ ಗೊತ್ತಿರಲಿಲ್ಲ. ಅದನ್ನು ಹೇಳಿಕೊಡುವ ಪಾಠವೊಂದಿದೆ, ಅದಕ್ಕೆ ಜಿಯಾಲಜಿ ಎನ್ನುತ್ತಾರೆ ಎಂದು ಪಿಯುಸಿಯಲ್ಲಿ ತಿಳಿಯಿತು. ಮಂಗಳೂರಿನಲ್ಲಿ ಅದನ್ನು ಕಲಿಸುವ ಕಾಲೇಜನ್ನು ಹುಡುಕಿಕೊಂಡು ಬಂದವಳು ನಾನು. ಸೀಟು ಸಿಗದೆ ಬಂದು ಬಿದ್ದವಳಲ್ಲ.

ಬಂದ ಮೇಲೆ ಕಂಡ ಪ್ರಯೋಗಾಲಯದ ವಿವರವನ್ನು ತಾವು ಒಮ್ಮೆ ಬಂದು ನೋಡಿದರೆ ನಾನು ಬರೆಯಬೇಕಾಗುತ್ತಿರಲಿಲ್ಲ. ಎರಡು ಪೋಲರೈಸಿಂಗ್ ಸೂಕ್ಷ್ಮದರ್ಶಕಗಳಿವೆ. ಒಂದರ ವೇದಿಕೆ ತಿರುಗುವುದಿಲ್ಲ, ಮತ್ತೊಂದನ್ನು 11 ಮಂದಿ ಸರದಿಯಲ್ಲಿ ಬಳಸುತ್ತೇವೆ. ಕಲ್ಲನ್ನು 0.03 ಮಿಲಿಮೀಟರಿನಷ್ಟು ತೆಳ್ಳಗೆ ಉಜ್ಜಿ ಗಾಜಿಗೆ ಅಂಟಿಸಿ, ಧ್ರುವೀಕರಿಸಿದ ಬೆಳಕಿನಲ್ಲಿ ಸುತ್ತ ತಿರುಗಿಸುತ್ತ ಖನಿಜಗಳ ಬಣ್ಣ ಬದಲಾಗುವುದನ್ನು ನೋಡುವುದೇ ಈ ಉಪಕರಣದ ಕೆಲಸವಾದ್ದರಿಂದ, ತಿರುಗದ ವೇದಿಕೆಯ ಸೂಕ್ಷ್ಮದರ್ಶಕ ಬರಿಯ ಭೂತಗನ್ನಡಿ. ಗಾಜಿನ ಕಪಾಟಿನಲ್ಲಿ ಹಿಂದಿನ ತಲೆಮಾರಿನ ಅಧ್ಯಾಪಕರು ಕೂಡಿಟ್ಟ ಒಳ್ಳೆಯ ಶಿಲಾಸಂಗ್ರಹ ಇದೆ, ಆದರೆ ಚೀಟಿಗಳನ್ನು ಹುಳ ತಿಂದಿದೆ. ಪಟ್ಟೆ ಪಟ್ಟೆಯಾದ ಒಂದು ಭಾರದ ಕಲ್ಲನ್ನು ನಾವು ವರ್ಷಪೂರ್ತಿ ‘ಮೇಲಿನ ಸಾಲಿನ ಏಳನೆಯದು’ ಎಂದೇ ಕರೆಯುತ್ತಿದ್ದೆವು. ಅದು ಕುದುರೆಮುಖದ ಕಬ್ಬಿಣದ ಅದಿರೆಂದು ನಿವೃತ್ತರಾದ ಪ್ರಾಧ್ಯಾಪಕರೊಬ್ಬರು ಯಾವುದೋ ಕೆಲಸಕ್ಕೆ ಬಂದಾಗ ಗುರುತಿಸಿ ಹೇಳಿದರು. ಅದೇ ಅದಿರನ್ನು ಪುಡಿ ಮಾಡಿ ನೀರಿನೊಂದಿಗೆ ಕೊಳವೆಯಲ್ಲಿ 67 ಕಿಲೋಮೀಟರ್ ಹರಿಸಿ ಪಣಂಬೂರಿಗೆ ತರುತ್ತಿದ್ದರು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಪಣಂಬೂರಿನ ಪಕ್ಕದಲ್ಲೇ ಮನೆಯಿರುವ ನನ್ನ ಸಹಪಾಠಿಗೆ ಆ ಕಲ್ಲಿಗೂ ತನ್ನೂರಿಗೂ ಇದ್ದ ನಂಟು ಆ ದಿನದವರೆಗೆ ತಿಳಿದಿರಲಿಲ್ಲ.

ಇನ್ನೊಂದು ಸಣ್ಣ ಸಂಗತಿ. ಎರಡನೇ ವರ್ಷದಲ್ಲಿ ನಮ್ಮ ನಮ್ಮ ಊರಿನ ಮಣ್ಣಿನ ಪದರಗಳನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕಿತ್ತು. ನಾನು ಮುರಕಲ್ಲು, ಶೇಡಿ, ಕರಿಕಲ್ಲು ಎಂದು ಚಿತ್ರ ಬಿಡಿಸಿ, ಅಪ್ಪನಿಂದ ಕೇಳಿ ಆಳಗಳನ್ನೂ ಬರೆದೆ. ಶೇಡಿ ಎಂಬ ಪದಕ್ಕೆ ಕೆಂಪು ಶಾಯಿಯ ಗೀಟು ಬಿತ್ತು. ಪಕ್ಕದಲ್ಲಿ ‘ಪಾರಿಭಾಷಿಕ ಪದ ಬಳಸಿ’ ಎಂಬ ಟಿಪ್ಪಣಿ ಇತ್ತು. ಲಿಥೋಮಾರ್ಜ್ ಎಂದು ತಿದ್ದಿ ಬರೆದೆ. ಕರಾವಳಿಯ ಮಣ್ಣಿನ ಬಗ್ಗೆ ಬರೆಯುವ ಇಂಜಿನಿಯರುಗಳು ತಮ್ಮ ಇಂಗ್ಲಿಷ್ ಪ್ರಬಂಧಗಳಲ್ಲೂ ‘ಶೇಡಿ’ ಎಂಬ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದಾರೆಂಬುದು ಆಮೇಲೆ ಗೊತ್ತಾಯಿತು. ಮುರಕಲ್ಲಿಗೆ ಶಾಸ್ತ್ರದಲ್ಲಿರುವ ಲ್ಯಾಟರೈಟ್ ಎಂಬ ಹೆಸರು ಹುಟ್ಟಿದ್ದೂ ಈ ಕಡೆಯ ಮಣ್ಣಿನಿಂದಲೇ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಎಂಬಾತ, ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲನ್ನು ಜನ ‘ಇಟ್ಟಿಗೆಕಲ್ಲು’ ಎನ್ನುತ್ತಾರೆಂದು ಕೇಳಿ, ಲ್ಯಾಟಿನ್ನಿನಲ್ಲಿ ಇಟ್ಟಿಗೆಗಿರುವ ಹೆಸರಿನಿಂದ ಆ ಪದವನ್ನು ಕಟ್ಟಿದ. ಅವನ ಬರಹ ಅಚ್ಚಾದದ್ದು 1807ರಲ್ಲಿ. ಇಡೀ ಜಗತ್ತು ಬಳಸುವ ಶಾಸ್ತ್ರೀಯ ಪದ ನಮ್ಮವರ ಆಡುಮಾತಿನ ಅನುವಾದವಾಗಿರುವಾಗ, ನಮ್ಮ ರೆಕಾರ್ಡ್ ಪುಸ್ತಕದಲ್ಲಿ ಆ ಆಡುಮಾತಿಗೆ ಜಾಗವಿಲ್ಲದ್ದು ನನಗೆ ಈಗಲೂ ಸಮಾಧಾನವಾಗದ ವಿಷಯ. ಗೀಟು ಹಾಕಿದವರ ಮೇಲೆ ನನಗೆ ಕೋಪವಿಲ್ಲ. ಅವರು ಅತಿಥಿ ಉಪನ್ಯಾಸಕರು. ವಾರದಲ್ಲಿ ಮೂರು ದಿನ ಇಲ್ಲಿ, ಉಳಿದ ದಿನ ಬೇರೆಡೆ ಪಾಠ ಮಾಡಿ, ಸಂಬಳ ತಿಂಗಳುಗಟ್ಟಲೆ ತಡವಾಗಿ ಬಂದರೂ ನಮ್ಮ ಸಂಶಯಗಳಿಗೆ ರಾತ್ರಿ ಒಂಬತ್ತಕ್ಕೂ ಫೋನಿನಲ್ಲಿ ಉತ್ತರಿಸಿದವರು.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ. ಇದನ್ನು ಬರೆಯಲು ಸಂಕೋಚವಿದೆ, ಏಕೆಂದರೆ ಇದರಲ್ಲಿ ನನ್ನ ಪಾಲೂ ಇದೆ. ಪಠ್ಯಕ್ರಮದಲ್ಲಿ ಕ್ಷೇತ್ರಾಧ್ಯಯನ ಕಡ್ಡಾಯ, ಅದಕ್ಕೆ 25 ಅಂಕ. ಮೂರು ವರ್ಷಗಳಲ್ಲಿ ನಮ್ಮನ್ನು ಒಂದೇ ಒಂದು ದಿನವೂ ಕಲ್ಲಿನ ಮುಂದೆ ಕರೆದೊಯ್ಯಲಿಲ್ಲ. ಮೊದಲ ಸಲ ಬಸ್ಸಿಲ್ಲವೆಂದರು, ಎರಡನೇ ಸಲ ತಪಾಸಣಾ ತಂಡ ಬರುವ ವಾರವೆಂದರು, ಮೂರನೇ ಸಲ 11ರಲ್ಲಿ 7 ಮಂದಿ ಹೆಣ್ಣುಮಕ್ಕಳಿರುವಾಗ ಗುಡ್ಡ, ಕಡಲು ಎಂದು ಕಳುಹಿಸಿದರೆ ಹೊಣೆ ಯಾರದೆಂದರು. ನಮ್ಮ ಏಳೂ ಮಂದಿಯ ಹೆತ್ತವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಕೊಟ್ಟರು. ನನ್ನ ತಂದೆ, ತನಗೆ ಒಂದು ದಿನದ ರಜೆ ಸಿಕ್ಕಿದರೆ ತಾನೂ ಬರುತ್ತೇನೆಂದು ಕೆಳಗೆ ಬರೆದಿದ್ದರು. ಕೊನೆಗೆ ಕಾಲೇಜಿನ ಬಸ್ಸು ಬಂತು. ನಮ್ಮನ್ನೂ ಬೇರೆ ಎರಡು ವಿಭಾಗದವರನ್ನೂ ಸೇರಿಸಿ ಒಂದು ನೀರಾಟದ ಪಾರ್ಕಿಗೆ ಕರೆದೊಯ್ದಿತು.

ಆದರೂ ವರದಿ ಸಲ್ಲಿಸಬೇಕಿತ್ತು. ಹಿಂದಿನ ವರ್ಷದವರ ಕಡತ ನಮ್ಮ ಕೈಗೆ ಬಂತು, ಅವರಿಗೆ ಅದರ ಹಿಂದಿನವರಿಂದ ಬಂದಿತ್ತು. ವಿಷಯ ಮಲ್ಪೆಯ ಸೇಂಟ್ ಮೇರಿಸ್ ದ್ವೀಪ. ಛಾಯಾಚಿತ್ರಗಳಲ್ಲಿ ನಮಗೆ ಪರಿಚಯವೇ ಇಲ್ಲದ ಹಿರಿಯ ವಿದ್ಯಾರ್ಥಿಗಳು ನಗುತ್ತ ನಿಂತಿದ್ದರು. ಅಲ್ಲಿನ ಕಲ್ಲುಕಂಬಗಳ ಅಳತೆಗಳು ಐದು ವರ್ಷದಿಂದ ಒಂದೂ ಬದಲಾಗಿರಲಿಲ್ಲ. ನಾನು ದಿನಾಂಕ ಬದಲಿಸಿ, ಮುಖಪುಟ ಹೊಸದಾಗಿ ಅಂಟಿಸಿ ಕೊಟ್ಟೆ. 25ಕ್ಕೆ 23 ಬಂತು. ಆ ಅಂಕವನ್ನು ಹಿಂತೆಗೆದುಕೊಂಡರೂ ನನ್ನ ಆಕ್ಷೇಪವಿಲ್ಲ.

ಅಂಕ ಬಂದ ಮೇಲೆ ಮನಸ್ಸು ತಡೆಯದೆ ನಾವು ನಾಲ್ಕು ಮಂದಿ ಒಂದು ಭಾನುವಾರ ನಮ್ಮದೇ ಖರ್ಚಿನಲ್ಲಿ ಉಡುಪಿಯ ಬಸ್ಸು ಹತ್ತಿ, ಮಲ್ಪೆಯಿಂದ ದೋಣಿಯಲ್ಲಿ ಆ ದ್ವೀಪಕ್ಕೆ ಹೋದೆವು. ಮೀನುಗಾರರ ಬಾಯಲ್ಲಿ ಅದು ತೋನ್ಸೆಪಾರ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದ ಜಾಗವಾದ್ದರಿಂದ ಸುತ್ತಿಗೆಯನ್ನು ಮನೆಯಲ್ಲೇ ಬಿಟ್ಟು, ಕೋನಮಾಪಕ, ಟೇಪು ಮತ್ತು ಒಂದು ಭೂತಗನ್ನಡಿ ಮಾತ್ರ ಒಯ್ದಿದ್ದೆವು. ಲಾವಾ ತಣ್ಣಗಾಗುತ್ತ ಕುಗ್ಗುವಾಗ ಬಿರುಕುಗಳು ಮೇಲಿಂದ ಕೆಳಕ್ಕೂ ಕೆಳಗಿಂದ ಮೇಲಕ್ಕೂ ಸೀಳಿಕೊಂಡು ಬಂದು ಕಲ್ಲನ್ನು ಕಂಬಗಳಾಗಿ ಒಡೆಯುತ್ತವೆಂದು ಓದಿದ್ದೆವು. ಕಂಬಗಳೆಲ್ಲ ಆರು ಮೂಲೆಯವೆಂದು ನಮ್ಮ ವರದಿಯಲ್ಲಿತ್ತು. ಎಣಿಸುತ್ತ ಹೋದರೆ ಐದು ಮೂಲೆಯವು, ಏಳು ಮೂಲೆಯವು ಸಾಲು ಸಾಲಾಗಿ ಸಿಕ್ಕವು. ಅದು ದೊಡ್ಡ ತಪ್ಪಲ್ಲ ಬಿಡಿ. ದೊಡ್ಡ ತಪ್ಪು ಬೇರೆ ಇತ್ತು. ಆ ಕಲ್ಲು ಬಸಾಲ್ಟ್ ಎಂಬ, ಸಿಲಿಕಾ ಕಡಿಮೆಯಿರುವ ಕಪ್ಪು ಲಾವಾಶಿಲೆ, ದಖನ್ ಪ್ರಸ್ಥಭೂಮಿಯ ಲಾವಾದ ಮುಂದುವರಿಕೆ ಎಂದು ಐದು ವರ್ಷದ ವರದಿಗಳೂ ಹೇಳುತ್ತಿದ್ದವು. ಹೊರಗೆ ಉಪ್ಪುಗಾಳಿಗೆ ಕಪ್ಪಾಗಿ ಕಂಡರೂ ಒಳಮೈಯಲ್ಲಿ ತಿಳಿಬಣ್ಣದ ಫೆಲ್ಡ್‌ಸ್ಪಾರ್ ಎಂಬ ಖನಿಜದ ಹರಳುಗಳು ಕೂತಿದ್ದ ಆ ಕಲ್ಲು, ಸಿಲಿಕಾ ಹೆಚ್ಚಿರುವ ರಯೋಲೈಟ್–ಡೇಸೈಟ್ ಬಗೆಯದು. ಅದರ ವಯಸ್ಸು ಸುಮಾರು 8.8 ಕೋಟಿ ವರ್ಷ, ದಖನ್ ಲಾವಾದ್ದು ಸುಮಾರು 6.6 ಕೋಟಿ ವರ್ಷ. ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಯಿಂದ ಕಳಚಿಕೊಂಡು ದೂರ ಸರಿದ ಕಾಲದ ಬೆಂಕಿ ಅದು. ಆ ದ್ವೀಪವೂ ಮಡಗಾಸ್ಕರಿನ ಅದೇ ಕಾಲದ ಲಾವಾ ಬಂಡೆಗಳೂ ಒಂದು ಕಾಲದ ನೆರೆಹೊರೆ. ಮಂಗಳೂರಿನಿಂದ ಎರಡು ಗಂಟೆಯಲ್ಲಿ ತಲಪುವ ಈ ಸಾಕ್ಷಿಯನ್ನು ನೋಡದೆ ಅದರ ಬಗ್ಗೆ ಸುಳ್ಳು ಬರೆದು ನಾವು ಪಾಸಾಗಿದ್ದೆವು. ನಮ್ಮನ್ನು ತಿದ್ದುವ ಒಂದು ದಿನ ಸಿಗಲಿಲ್ಲವೆಂಬುದಷ್ಟೇ ಅಲ್ಲ, ತಪ್ಪಾಗಿದೆಯೆಂದು ಯಾರಿಗೂ ಗೊತ್ತಾಗದಷ್ಟು ಕಾಲ ಯಾರೂ ಅಲ್ಲಿಗೆ ಹೋಗಿರಲಿಲ್ಲ.

ಬೇಡಿಕೆ ಎಲ್ಲಿಂದ ಬರಬೇಕಿತ್ತು, ಮಾನ್ಯರೇ? ಪಿಯುಸಿ ಮುಗಿಸಿದ ಮಗು ತನ್ನ ಅಕ್ಕನನ್ನೋ ನೆರೆಮನೆಯ ಅಣ್ಣನನ್ನೋ ಕೇಳಿಯೇ ವಿಷಯ ಆರಿಸುತ್ತದೆ. ಆ ಅಕ್ಕ ‘ಕಪಾಟಿನ ಏಳನೆಯ ಕಲ್ಲು’ ಮತ್ತು ನಕಲು ವರದಿಯ ಕತೆ ಹೇಳಿದರೆ ಯಾರು ಬಂದಾರು? ನನ್ನ ತಂಗಿಗೇ ನಾನು ಬಾ ಎಂದು ಹೇಳಲಾರದೆ ಹೋದೆ. ಅವಳೀಗ ಬಿಸಿಎ ಓದುತ್ತಿದ್ದಾಳೆ.

2023ರ ಆಗಸ್ಟ್ 23ರ ಸಂಜೆಯನ್ನು ತಮಗೆ ನೆನಪಿಸಬೇಕು. ನಾನಾಗ ಕಾಲೇಜಿಗೆ ಹೊಸಬಳು. ಚಂದ್ರಯಾನ-3 ಇಳಿಯುವುದನ್ನು ಸಭಾಂಗಣದ ದೊಡ್ಡ ಪರದೆಯಲ್ಲಿ ತೋರಿಸಿದಿರಿ. 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಚಂದ್ರನ ನೆಲ ಮುಟ್ಟಿದಾಗ ಎದ್ದ ಚಪ್ಪಾಳೆಗೆ ಹೊರಗಿನ ಕಾಗೆಗಳು ಹಾರಿಹೋದವು. ಇಸ್ರೋ ಅಧ್ಯಕ್ಷರಾಗಿದ್ದ ಯು.ಆರ್. ರಾವ್ ಅವರು ಉಡುಪಿಯ ಅದಮಾರಿನವರು, ಆರ್ಯಭಟವನ್ನು ಕಟ್ಟಿದವರು, ನಮ್ಮ ಮಣ್ಣಿನ ಮಗ ಎಂದು ವೇದಿಕೆಯಿಂದ ಹೇಳಿದಿರಿ. ಎಲ್ಲರಿಗೂ ಲಡ್ಡು ಹಂಚಲಾಯಿತು. ಅಂದು ಇಳಿದ ಪ್ರಜ್ಞಾನ್ ಎಂಬ ಪುಟ್ಟ ಬಂಡಿ ಮಾಡಿದ ಕೆಲಸವೇನೆಂದು ಆಮೇಲೆ ನಮ್ಮ ಸಭಾಂಗಣದಲ್ಲಿ ಯಾರೂ ಕೇಳಲಿಲ್ಲ. ಅದು ಮಾಡಿದ್ದು ಭೂವಿಜ್ಞಾನದ ಕೆಲಸ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ತಯಾರಿಸಿದ ಒಂದು ಉಪಕರಣದಿಂದ ಚಂದ್ರನ ಮಣ್ಣಿನ ಧಾತುಗಳನ್ನು 23 ಕಡೆ ಅಳೆಯಿತು. ಅದರ ಫಲಿತಾಂಶ 2024ರ ಆಗಸ್ಟ್‌ನಲ್ಲಿ ಪ್ರಕಟವಾದಾಗ, ಆ ಮಣ್ಣಿನ ಬಹುಪಾಲು ಕಬ್ಬಿಣಾಂಶ ಸೇರಿದ, ಬಹುತೇಕ ಫೆಲ್ಡ್‌ಸ್ಪಾರ್‌ನಿಂದಲೇ ಆದ ಅನಾರ್ಥೊಸೈಟ್ ಎಂಬ ಶಿಲೆಗೆ ಹೊಂದುತ್ತದೆಂದು ತಿಳಿಯಿತು. ಚಂದ್ರ ಹುಟ್ಟಿದ ಹೊಸತರಲ್ಲಿ ಅದರ ಮೇಲ್ಮೈ ಕರಗಿದ ಕಲ್ಲಿನ ಸಾಗರವಾಗಿತ್ತು, ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಹಗುರವಾದ ಫೆಲ್ಡ್‌ಸ್ಪಾರ್ ತೇಲಿ ಬಂದು ಮೇಲೆ ಗಟ್ಟಿಯಾಯಿತು ಎಂಬ ಊಹೆಗೆ ಅದು ಬಲ ಕೊಟ್ಟಿತು. ಅಷ್ಟೇ ಅಲ್ಲ, ಚಂದ್ರನ ಮೇಲೆ ಇಳಿಯುವ ನೌಕೆಯನ್ನು ಭೂಮಿಯ ಮೇಲೆ ಪರೀಕ್ಷಿಸಲು ಕೃತಕ ಚಂದ್ರಮಣ್ಣು ಬೇಕಾದಾಗ ಇಸ್ರೋದವರು ತಮಿಳುನಾಡಿನ ಸಿತ್ತಂಪೂಂಡಿಯಲ್ಲಿ ಸಿಗುವ ಅನಾರ್ಥೊಸೈಟ್ ಕಲ್ಲನ್ನೇ ತಂದು ಪುಡಿ ಮಾಡಿದರು. ಅಲ್ಲಿ ಅಂಥ ಕಲ್ಲಿದೆಯೆಂದು ಹಿಂದೆ ಯಾರೋ ಸುತ್ತಿಗೆ ಹಿಡಿದು ಅಲೆದು ಗುರುತಿಸಿ ಬರೆದಿಟ್ಟಿದ್ದರು, ಆದ್ದರಿಂದ ಸಿಕ್ಕಿತು. ಚಪ್ಪಾಳೆ ತಟ್ಟಿದ ಮೂರು ವರ್ಷದೊಳಗೆ, ಆ ಬಂಡಿ ಕಳುಹಿಸಿದ್ದನ್ನು ಓದಲು ಕಲಿಸುವ ತರಗತಿಯನ್ನು ಅದೇ ಆಡಳಿತ ಮಂಡಳಿ ಮುಚ್ಚುತ್ತಿದೆ.

ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಗ್ರಹವಿಜ್ಞಾನದ ಘಟಕವನ್ನು ನಮಗೆ ಎರಡು ಗಂಟೆಯಲ್ಲಿ ಮುಗಿಸಲಾಯಿತು. ಉಲ್ಕಾಶಿಲೆಗಳ ವರ್ಗೀಕರಣವನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದೆವು. ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ‘ಉಡಿಪಿ’ ಎಂಬ ಹೆಸರಿನದೇ ಒಂದಿದೆಯೆಂದು, ಅದು 1866ರಲ್ಲಿ ಬಿದ್ದ, ಹೆಚ್ಚಾಗಿ ಬೀಳುವ ‘ಸಾಮಾನ್ಯ ಕಾಂಡ್ರೈಟ್’ ಎಂಬ ವರ್ಗಕ್ಕೆ ಸೇರಿದ ಶಿಲೆಯೆಂದು ನಾನು ಕಂಡುಕೊಂಡದ್ದು ಪರೀಕ್ಷೆ ಮುಗಿದ ಮೇಲೆ. ಭೂಮಿಗಿಂತಲೂ ಹಳೆಯ ಚೂರೊಂದು ಕೃಷ್ಣಮಠದ ಊರಿನ ಹೆಸರು ಹೊತ್ತಿದೆಯೆಂದು ಹೇಳಿದ್ದರೆ ಆ ಎರಡು ಗಂಟೆಯ ಪಾಠ ಎಷ್ಟು ಬೇರೆಯಾಗುತ್ತಿತ್ತು!

‘ಇದನ್ನು ಓದಿ ಕೆಲಸ ಎಲ್ಲಿದೆ’ ಎಂದು ತಮ್ಮಲ್ಲೊಬ್ಬರು ಹೆತ್ತವರ ಸಭೆಯಲ್ಲಿ ಕೇಳಿದ್ದರು. ಪ್ರಾಮಾಣಿಕವಾಗಿ ಹೇಳುವುದಾದರೆ ಬರಿಯ ಬಿಎಸ್ಸಿಗೆ ಹೆಚ್ಚಿನ ಕೆಲಸವಿಲ್ಲ. 1851ರಲ್ಲಿ ಸ್ಥಾಪನೆಯಾದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ಭೂವಿಜ್ಞಾನಿಯಾಗಿ ಸೇರಲು ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆ ಬರೆಯಬೇಕು, ಅದಕ್ಕೆ ಸ್ನಾತಕೋತ್ತರ ಪದವಿ ಬೇಕು. ಆದರೆ ಆ ಸ್ನಾತಕೋತ್ತರ ತರಗತಿಯ ಬಾಗಿಲಿಗೆ ಬಿಎಸ್ಸಿಯೇ ಮೆಟ್ಟಿಲು. ಮೆಟ್ಟಿಲನ್ನು ಕಿತ್ತು ಮೇಲೆ ಯಾರೂ ಹತ್ತುತ್ತಿಲ್ಲವೆಂದರೆ ಹೇಗೆ? ಕೊಣಾಜೆಯ ವಿಶ್ವವಿದ್ಯಾನಿಲಯದಲ್ಲಿ ಸಾಗರ ಭೂವಿಜ್ಞಾನದ ವಿಭಾಗವೇ ಇದೆ. ನಮ್ಮ ಊರಿನ ಮಕ್ಕಳು ಅಲ್ಲಿಗೆ ಹೋಗಲು ಕೆಳಗಿನ ತರಗತಿ ಊರಿನಲ್ಲೇ ಇರಬೇಕಲ್ಲವೆ? ಕೆಲಸದ ಮಾತಿಗೆ ಕಾಪುವಿನ ಬಳಿಯ ಪಾದೂರನ್ನು ನೋಡಿ. ದೇಶದ ತುರ್ತು ಬಳಕೆಗೆಂದು ಅಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾತೈಲವನ್ನು ನೆಲದಡಿ ಬಂಡೆಯಲ್ಲಿ ಕೊರೆದ ಗುಹೆಗಳಲ್ಲಿ ಇಡುವ ವ್ಯವಸ್ಥೆಯಿದೆ. ಆ ಗುಹೆಗಳಿಗೆ ಉಕ್ಕಿನ ಒಳಗೋಡೆಯಿಲ್ಲ. ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ತುಂಬಿರುವ ನೀರಿನ ಒತ್ತಡವೇ ತೈಲವನ್ನು ಹೊರಗೆ ಜಿನುಗದಂತೆ ಹಿಡಿದಿಡುತ್ತದೆ. ಯಾವ ಬಂಡೆ, ಎಷ್ಟು ಬಿರುಕು, ನೀರು ಯಾವ ಕಡೆಗೆ ಹರಿಯುತ್ತದೆ ಎಂದು ನೋಡುವವರಿಲ್ಲದೆ ಅದು ಆಗುವ ಕೆಲಸವಲ್ಲ. ನಮ್ಮ ಜಿಲ್ಲೆಗಳ ಬಂಡೆ ಓದಲು ಬೇರೆ ರಾಜ್ಯದ ಹುಡುಗರು ಬರುತ್ತಾರೆ. ಬರಲಿ, ಅದಕ್ಕೆ ಬೇಸರವಿಲ್ಲ. ನಮ್ಮವರೂ ಜೊತೆಗಿರಲಿ ಎಂದಷ್ಟೇ ಕೇಳುತ್ತಿದ್ದೇನೆ.

ಉದ್ಯೋಗ ಒಂದು ಕಡೆಗಿರಲಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಏಪ್ರಿಲ್ ಬಂತೆಂದರೆ ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆಯ ಅಣೆಕಟ್ಟಿನ ನೀರಿನ ಮಟ್ಟವನ್ನು ಪತ್ರಿಕೆಯಲ್ಲಿ ದಿನವೂ ನೋಡಬೇಕಾಗುತ್ತದೆ. ಮುರಕಲ್ಲಿನ ತೂತುಗಳಲ್ಲಿ ಇಳಿದ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿದುಹೋಗುತ್ತದೆ ಎಂಬುದನ್ನು ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಶಾಲೆಯ ನೆರವಿಲ್ಲದೆ, ಒಬ್ಬರೇ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ಕಲಿತವರು. ಹಲವು ಸುರಂಗಗಳಲ್ಲಿ ನೀರು ಸಿಗದೆ ಹೋದರೂ ಬಿಡದೆ ಕೊರೆದ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅಂತರ್ಜಲದ ಪಾಠವನ್ನು ಬೋರ್ಡಿನ ಮೇಲೆ ಬಾಣದ ಗುರುತು ಬಿಡಿಸಿ ಕಲಿತ ನಾವು, ನಮ್ಮದೇ ತಾಲೂಕಿನ ಆ ಗುಡ್ಡಕ್ಕೆ ಒಂದು ಸಲವೂ ಹೋಗಲಿಲ್ಲ.

ಇನ್ನು ಗುಡ್ಡ ಜರಿಯುವ ಮಾತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯ ರಸ್ತೆ ಹಲವೆಡೆ ಕುಸಿದದ್ದನ್ನು ನಾವೆಲ್ಲ ಕಂಡಿದ್ದೇವೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಜರಿದು ಗಂಗಾವಳಿ ನದಿಗೆ ಬಿತ್ತು. ನಮ್ಮ ಕಾಲೇಜಿಗೆ ಉಡುಪಿ ಕಡೆಯ ಮಕ್ಕಳು ಬರುವುದೂ ಅದೇ ಹೆದ್ದಾರಿಯಲ್ಲಿ. ಮನೆ ಕಟ್ಟಲು, ರಸ್ತೆ ಅಗಲಿಸಲು ಗುಡ್ಡವನ್ನು ಲಂಬವಾಗಿ ಕಡಿದಾಗ ಮೇಲೆ ಗಟ್ಟಿ ಮುರಕಲ್ಲು ಕಾಣುವುದರಿಂದ ಎಲ್ಲರಿಗೂ ಧೈರ್ಯ. ಕೆಳಗಿನ ಶೇಡಿ ಒಣಗಿದಾಗ ಗೋಡೆಯಂತೆ ನಿಂತಿದ್ದು ಮಳೆನೀರು ಹೀರಿದ ಮೇಲೆ ಬಲ ಕಳೆದುಕೊಳ್ಳುತ್ತದೆಂಬುದು ಅಪ್ಪನಂಥವರಿಗೆ ಅನುಭವದಿಂದ ಗೊತ್ತು, ಪುಸ್ತಕದಲ್ಲಿ ಅದರ ಕಾರಣವಿದೆ. ಇವೆರಡನ್ನೂ ಬಲ್ಲ ಒಬ್ಬ ಹುಡುಗಿಯೋ ಹುಡುಗನೋ ಒಂದೊಂದು ಗ್ರಾಮ ಪಂಚಾಯತಿನಲ್ಲಿದ್ದರೆ, ಧರೆ ಕಡಿಯುವ ಜೆಸಿಬಿಯ ಮುಂದೆ ನಿಂತು ‘ಇಲ್ಲಿ ಇಷ್ಟು ಆಳ ಬೇಡ’ ಎನ್ನುವವರಾದರೂ ಇರುತ್ತಿದ್ದರು.

ಆದ್ದರಿಂದ ನನ್ನ ಕೋರಿಕೆಗಳನ್ನು ತಮ್ಮ ಮುಂದೆ ಇಡುತ್ತೇನೆ. ಪ್ರವೇಶಾತಿ ನಿಲ್ಲಿಸುವ ತೀರ್ಮಾನವನ್ನು ಎರಡು ವರ್ಷದ ಮಟ್ಟಿಗೆ ತಡೆಹಿಡಿಯಿರಿ. ನಮ್ಮ ತಂಡ ಒಂದು ಪಠ್ಯಕ್ರಮದಲ್ಲಿ, ನಮ್ಮ ನಂತರದವರು ರಾಜ್ಯ ಸರ್ಕಾರ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿದ ಮೇಲೆ ಬಂದ ಮತ್ತೊಂದರಲ್ಲಿ ಓದುತ್ತಿರುವ ಈ ಗೊಂದಲದ ಹೊತ್ತಿನ ಸಂಖ್ಯೆಯನ್ನು ನೋಡಿ ಒಂದು ವಿಷಯದ ಹಣೆಬರಹ ಬರೆಯುವುದು ನ್ಯಾಯವಲ್ಲ. ಆ ಎರಡು ವರ್ಷಗಳಲ್ಲಿ ತಿಂಗಳಿಗೊಂದು ಶನಿವಾರ ಮಧ್ಯಾಹ್ನದ ನಂತರ ಅಂಗಳದಲ್ಲಿ ಸುಮ್ಮನೆ ನಿಂತಿರುವ ಕಾಲೇಜು ಬಸ್ಸನ್ನು ನಮ್ಮ ವಿಭಾಗಕ್ಕೆ ಕೊಡಿ. ಉಳ್ಳಾಲದ ಕಡಲ್ಕೊರೆತ, ನೇತ್ರಾವತಿಯ ಅಳಿವೆ, ಮೂಡುಬಿದಿರೆ ದಾರಿಯ ಮುರಕಲ್ಲಿನ ಕೋರೆ, ಕಾರ್ಕಳದ ಬಂಡೆಗಳು ಯಾವುದೂ ಅರ್ಧ ದಿನದ ದಾರಿಗಿಂತ ದೂರವಿಲ್ಲ, ಯಾವುದಕ್ಕೂ ಟಿಕೆಟಿಲ್ಲ. ಕ್ಷೇತ್ರಕ್ಕೆ ಹೋಗದವರ ವರದಿಗೆ ಅಂಕ ಕೊಡುವುದನ್ನು ಈ ವರ್ಷದಿಂದಲೇ ನಿಲ್ಲಿಸಿ, ಅದರ ಪರಿಣಾಮ ನಮ್ಮ ಮೇಲೆ ಆದರೂ ಆಗಲಿ. ಖಾಲಿಯಿರುವ ಹುದ್ದೆಯನ್ನು ತುಂಬಲು ಸರ್ಕಾರದ ಅನುಮತಿ ಬರುವವರೆಗೆ ಅತಿಥಿ ಉಪನ್ಯಾಸಕರಿಗೆ ಪ್ರತಿ ತಿಂಗಳೂ ಸಂಬಳ ಸಿಗುವಂತೆ ಮಾಡಿ. ಸೂಕ್ಷ್ಮದರ್ಶಕವನ್ನು ರಿಪೇರಿ ಮಾಡಿಸಿ. ಶಿಲಾಸಂಗ್ರಹಕ್ಕೆ ಹೊಸ ಚೀಟಿ ಬರೆಯುವ ಕೆಲಸವನ್ನು ನಾವು 11 ಮಂದಿ ಪರೀಕ್ಷೆ ಮುಗಿದ ಮರುದಿನದಿಂದ ಪುಕ್ಕಟೆಯಾಗಿ ಮಾಡಿಕೊಡುತ್ತೇವೆ. ಚೀಟಿಯಲ್ಲಿ ಶಾಸ್ತ್ರೀಯ ಹೆಸರಿನ ಕೆಳಗೆ ಊರಿನ ಹೆಸರನ್ನೂ ಬರೆಯಲು ಅನುಮತಿ ಬೇಕು. ನಿವೃತ್ತ ಪ್ರಾಧ್ಯಾಪಕರು ಬಂದು ಗುರುತಿಸಿಕೊಡಲು ಒಪ್ಪಿದ್ದಾರೆ. ಜನವರಿಯಲ್ಲಿ ಸುತ್ತಮುತ್ತಲ ಪಿಯು ಕಾಲೇಜುಗಳ ವಿಜ್ಞಾನ ವಿದ್ಯಾರ್ಥಿಗಳನ್ನು ಒಂದು ದಿನ ಕರೆದು ಈ ಕಪಾಟುಗಳನ್ನು ತೆರೆದು ತೋರಿಸೋಣ. ಇಷ್ಟು ಮಾಡಿದ ಮೇಲೂ ಮೂರನೇ ವರ್ಷ 4 ಮಂದಿಯೇ ಬಂದರೆ, ತಮ್ಮ ತೀರ್ಮಾನದ ವಿರುದ್ಧ ನಾನು ಮತ್ತೊಂದು ಪತ್ರ ಬರೆಯುವುದಿಲ್ಲ.

ಒಂದು ವೇಳೆ ಮುಚ್ಚುವುದೇ ಖಚಿತವಾದರೆ, ದಯವಿಟ್ಟು ಆ ಶಿಲಾಸಂಗ್ರಹವನ್ನು ಗುಜರಿಗೆ ಹಾಕಬೇಡಿ. ಕೊಠಡಿಯನ್ನು ಕಂಪ್ಯೂಟರ್ ಪ್ರಯೋಗಾಲಯಕ್ಕಾಗಿ ಅಳತೆ ಮಾಡಲು ಬಂದವರು ಎರಡು ಪೆಟ್ಟಿಗೆಗಳನ್ನು ಆಗಲೇ ಮೆಟ್ಟಿಲಿನ ಕೆಳಗೆ, ಪೊರಕೆಗಳ ಪಕ್ಕ ಇಟ್ಟಿದ್ದಾರೆ. ಅವುಗಳಲ್ಲಿ ಒಂದರಲ್ಲಿ ಕುದುರೆಮುಖದ ಕಲ್ಲಿದೆ. ನಮ್ಮೂರಿನ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರನ್ನು ವಿಚಾರಿಸಿದ್ದೇನೆ, ಅವರು ತೆಗೆದುಕೊಳ್ಳಲು ಸಿದ್ಧರಿದ್ದಾರೆ. ಸಾಗಿಸಲು ಅಪ್ಪನ ಲಾರಿಯ ಮಾಲಕರು ಒಪ್ಪಿದ್ದಾರೆ.

ಪ್ರಾಸ್ಪೆಕ್ಟಸ್ ಅಚ್ಚಿಗೆ ಹೋಗುವ ಮುನ್ನ ಆಡಳಿತ ಮಂಡಳಿಯ ಸಭೆಯಲ್ಲಿ ನಮಗೆ ಹದಿನೈದು ನಿಮಿಷ ಸಮಯ ಕೊಡಬೇಕೆಂದು ವಿನಂತಿಸುತ್ತೇನೆ. ದಿನವನ್ನು ತಾವೇ ನಿಗದಿ ಮಾಡಿ ವಿಭಾಗದ ಅಟೆಂಡರ್ ಮೂಲಕ ತಿಳಿಸಿದರೆ ಸಾಕು, ಪ್ರಯೋಗಾಲಯದ ಬೀಗದ ಕೈ ಈಗಲೂ ಅವರ ಬಳಿಯಲ್ಲೇ ಇದೆ.

ವಂದನೆಗಳೊಂದಿಗೆ,

ತಮ್ಮ ವಿಧೇಯ,
ಬಿಎಸ್ಸಿ ಅಂತಿಮ ವರ್ಷದ ಭೂವಿಜ್ಞಾನ ವಿದ್ಯಾರ್ಥಿನಿ
(ಸಹಪಾಠಿಗಳಾದ 10 ಮಂದಿಯ ಒಪ್ಪಿಗೆಯೊಂದಿಗೆ)
ಮಂಗಳೂರು